ಮಂಚದಡಿಯಿಂದ ಹೊರಬಾರದ ಮರಿ: ಪಶುವೈದ್ಯರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಬ್ರಹ್ಮಾವರದ ಸದಸ್ಯೆ):

ನಮಸ್ಕಾರ ಡಾಕ್ಟರೇ. ಕಾರ್ಕಳದ ಕಡೆ ನಮ್ಮ ಸಂಬಂಧಿಕರ ಅಡಿಕೆ ತೋಟದಲ್ಲಿ, ಕಟ್ಟಿಗೆ ಕೊಟ್ಟಿಗೆಯೊಳಗೆ ಹುಟ್ಟಿ ಬೆಳೆದ ಊರ ನಾಯಿಯ ಹೆಣ್ಣುಮರಿಯೊಂದನ್ನು ಆರು ದಿನಗಳ ಹಿಂದೆ ಮನೆಗೆ ತಂದೆವು. ಅದಕ್ಕೆ ಸುಮಾರು ಮೂರೂವರೆ ತಿಂಗಳು. ಅನ್ನ ಹಾಕಿ ಹೋಗುತ್ತಿದ್ದ ತೋಟದ ಆಳೊಬ್ಬರನ್ನು ಬಿಟ್ಟರೆ ಬೇರೆ ಮನುಷ್ಯರನ್ನು ಅದು ಕಂಡದ್ದೇ ಇಲ್ಲವಂತೆ. ಬಂದ ದಿನವೇ ಮಂಚದಡಿ ಸೇರಿದ್ದು, ನಾವೆಲ್ಲ ಮಲಗಿದ ಮೇಲಷ್ಟೇ ಹೊರಬಂದು ತಿಂದು ಮತ್ತೆ ಅಲ್ಲಿಗೇ ಹೋಗುತ್ತದೆ. ಕೈ ಚಾಚಿದರೆ ಕುಳಿತಲ್ಲೇ ಮೂತ್ರ ಮಾಡಿಕೊಳ್ಳುತ್ತದೆ. ಮೊನ್ನೆ ಏಳು ವರ್ಷದ ನನ್ನ ಮಗ ಕಾಲು ಹಿಡಿದು ಎಳೆದಾಗ ಅವನ ಕೈಗೆ ಬಾಯಿ ಹಾಕಿತು. ರಕ್ತ ಬರಲಿಲ್ಲ, ತೆಳುವಾಗಿ ಗೀರಿದೆ ಅಷ್ಟೆ. ಜಗಲಿಯಲ್ಲಿ ಕಟ್ಟಿಹಾಕಿದರೆ ಹೋಗಿಬರುವವರನ್ನು ನೋಡಿ ತಾನಾಗಿ ಅಭ್ಯಾಸವಾಗುತ್ತದೆ ಎಂದು ಮಾವ ಹೇಳುತ್ತಾರೆ. ಇನ್ನೂ ಯಾವ ಲಸಿಕೆಯೂ ಆಗಿಲ್ಲ. ನಾನೇನು ಮಾಡಬೇಕು?

ಉತ್ತರ (ಪಶುವೈದ್ಯರು):

ಮರಿಯ ಮಾತಿಗೆ ಮೊದಲು ಮಗನ ವಿಷಯ. ರಕ್ತ ಬಂದಿಲ್ಲವೆಂದು ದಯವಿಟ್ಟು ಸುಮ್ಮನಿರಬೇಡಿ. ಲಸಿಕೆಯಾಗದ ನಾಯಿಯ ಹಲ್ಲು ಚರ್ಮವನ್ನು ಗೀರಿದ್ದರೂ ರೇಬೀಸ್ ಚುಚ್ಚುಮದ್ದು ಬೇಕಾಗುತ್ತದೆ. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಇಂದೇ ಸಮೀಪದ ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬಾಯಿ ಹಾಕಿದ ದಿನದಿಂದ 10 ದಿನ ಮರಿಯ ಮೇಲೂ ಕಣ್ಣಿರಲಿ. ಜೊಲ್ಲು ಸುರಿಸುವುದು, ನುಂಗಲಾಗದಿರುವುದು, ನಡೆಯುವಾಗ ಓಲಾಡುವುದು ಕಂಡರೆ ಅದನ್ನು ಮುಟ್ಟದೆ ಕೂಡಲೇ ನಮಗೆ ತಿಳಿಸಿ.

ಇನ್ನು ಮರಿಯ ಭಯ. ಹುಟ್ಟಿದ ಮೂರನೆಯ ವಾರದಿಂದ ಹನ್ನೆರಡು, ಹದಿನಾಲ್ಕನೆಯ ವಾರದವರೆಗೆ ನಾಯಿಮರಿಯ ಮನಸ್ಸು ಕಂಡದ್ದನ್ನೆಲ್ಲ ತನ್ನ ಲೋಕದ ಭಾಗವೆಂದು ಸುಲಭವಾಗಿ ಒಪ್ಪಿಕೊಳ್ಳುತ್ತದೆ. ಆ ಅವಧಿ ಕಟ್ಟಿಗೆಯ ನಡುವೆಯೇ ಕಳೆದುಹೋದುದರಿಂದ ಮಿಕ್ಸಿ, ಮಕ್ಕಳು, ಫ್ಯಾನು, ಪಾತ್ರೆಯ ಸದ್ದು ಎಲ್ಲವೂ ಅದಕ್ಕೆ ಈಗ ಒಮ್ಮೆಲೇ ಎದುರಾಗಿವೆ. ಅದು ಹಟ ಮಾಡುತ್ತಿಲ್ಲ, ಯಾರೋ ಹೊಡೆದಿರಬೇಕು ಎಂದು ಭಾವಿಸಬೇಕಾಗಿಯೂ ಇಲ್ಲ. ಈ ವಯಸ್ಸಿನಲ್ಲೂ ಅದು ಕಲಿಯುತ್ತದೆ, ಆದರೆ ನಿಧಾನವಾಗಿ.

ನಿಮ್ಮ ಮಾವನವರ ಸಲಹೆ ಒಳ್ಳೆಯ ಮನಸ್ಸಿನಿಂದ ಬಂದದ್ದೇ, ಆದರೂ ಅದನ್ನು ಪಾಲಿಸಬೇಡಿ. ಕಟ್ಟಿಹಾಕಿದ ಮರಿಗೆ ಓಡಿಹೋಗುವ ದಾರಿಯಿಲ್ಲದ್ದರಿಂದ ಎರಡು ದಿನ ಅತ್ತು ಮೂರನೆಯ ದಿನ ಕಲ್ಲಿನಂತೆ ಕುಳಿತುಬಿಡುತ್ತದೆ, ನಾವು ಅದನ್ನು ಸಮಾಧಾನವೆಂದು ತಿಳಿಯುತ್ತೇವೆ. ಬಾಲ ಹೊಟ್ಟೆಗೆ ಅಂಟಿರುವುದು, ಕಣ್ಣಿನ ಬಿಳಿ ಭಾಗ ಕಾಣುವುದು, ತಿನ್ನಲು ಏನೂ ಇಲ್ಲದಾಗಲೂ ತುಟಿ ನೆಕ್ಕುತ್ತಿರುವುದು, ನಿದ್ದೆಯಿಲ್ಲದೆ ಆಕಳಿಸುವುದು, ಇವು ಒಳಗಿನ ಭಯ ಹಾಗೆಯೇ ಇದೆ ಎಂಬುದರ ಗುರುತು. ಇಂಥ ಮರಿಯೇ ಮುಂದೆ ಎಚ್ಚರಿಕೆ ಕೊಡದೆ ಕಚ್ಚುವ ನಾಯಿಯಾಗುವುದನ್ನು ನಾನು ನೋಡಿದ್ದೇನೆ.

ಮಂಚದಡಿಯನ್ನು ಅದಕ್ಕೇ ಬಿಟ್ಟುಕೊಡಿ. ಮಂಚದ ಎರಡು ಬದಿಗೆ ಹಳೆಯ ಸೀರೆ ಇಳಿಬಿಟ್ಟರೆ ಗುಹೆಯಂತಾಗುತ್ತದೆ. ಯಾರೂ, ಯಾವ ಕಾರಣಕ್ಕೂ, ಅಲ್ಲಿಗೆ ಕೈ ಹಾಕಬಾರದು. ದಿನಕ್ಕೆ ಮೂರು ಬಾರಿ ಊಟ ಕೊಡಿ, ಆದರೆ ತಟ್ಟೆ ಇಟ್ಟು ಹೋಗುವ ಬದಲು ನೀವು ಕೋಣೆಯ ಬಾಗಿಲ ಬಳಿ ನೆಲದಲ್ಲಿ ಓರೆಯಾಗಿ ಕುಳಿತು, ಅದರ ಕಣ್ಣನ್ನು ನೋಡದೆ, ಉಪ್ಪು ಹುಳಿ ಹಾಕದೆ ಬೇಯಿಸಿ ಮುಳ್ಳು ತೆಗೆದ ಬಂಗುಡೆಯ ಅಥವಾ ಕೋಳಿಯ ಸಣ್ಣ ಚೂರುಗಳನ್ನು ಅದರ ಮುಂದಕ್ಕೆ ಮೆಲ್ಲಗೆ ಎಸೆಯಿರಿ. ನಿಮ್ಮೆದುರೇ ತಿಂದರೆ ನೀವು ಕುಳಿತ ದೂರ ಸರಿಯಾಗಿದೆ ಎಂದರ್ಥ. ತಿನ್ನದಿದ್ದರೆ ನೀವು ಇನ್ನಷ್ಟು ಹಿಂದೆ ಸರಿಯಬೇಕು. ಈ ಅಳತೆಯೊಂದನ್ನು ಹಿಡಿದುಕೊಂಡರೆ ಬೇರೆ ಬಹಳಷ್ಟು ಸಲಹೆಗಳ ಅಗತ್ಯ ಬೀಳುವುದಿಲ್ಲ. ಹತ್ತಿರ ಬರುವ ಕೆಲಸ ಮರಿಯದ್ದು, ನಮ್ಮದಲ್ಲ. ನಿಮ್ಮ ಮಗನಿಗೂ ಒಂದು ಕೆಲಸ ಕೊಡಿ: ಹೊಸ್ತಿಲ ಹೊರಗೆ ಕುಳಿತು ತನ್ನ ಪಾಠವನ್ನು ಮೆಲುದನಿಯಲ್ಲಿ ಓದುತ್ತಾ ಪುಟಕ್ಕೊಂದರಂತೆ ಚೂರು ಎಸೆಯಲಿ. ನೀವು ಜೊತೆಗಿರಲೇಬೇಕು.

ಮೂತ್ರ ಮಾಡಿಕೊಂಡಾಗ ಗದರದೆ ಒರೆಸಿಬಿಡಿ. ಅದು ತಾನಾಗಿ ಬಂದು ಮೂಸಿದ ಮೇಲೆ ಮುಟ್ಟುವುದಾದರೆ ತಲೆಯ ಮೇಲಿನಿಂದ ಕೈ ತರದೆ ಎದೆಯನ್ನು ಸವರಿ. ಅಂಗಳಕ್ಕೆ ಬಿಡುವ ಮುನ್ನ ಪಾಗಾರದ ಸಂದುಗಳನ್ನೂ ಗೇಟಿನ ಅಡಿಯನ್ನೂ ಮುಚ್ಚಿಸಿ, ಏಕೆಂದರೆ ಹೆದರಿದ ಮರಿ ಓಡಿದರೆ ನೀವು ಕರೆದರೂ ಬರುವುದಿಲ್ಲ.

ಪ್ರಶ್ನೆ (ಅದೇ ಸದಸ್ಯೆ):

ಆಸ್ಪತ್ರೆಗೆ ಹೋಗಿ ಬಂದೆವು ಡಾಕ್ಟರೇ, ಮಗನಿಗೆ ಚುಚ್ಚುಮದ್ದು ಶುರುವಾಗಿದೆ. ಮರಿಯ ಲಸಿಕೆಗೆ ಅದು ಧೈರ್ಯ ತಂದುಕೊಳ್ಳುವ ತನಕ ಕಾಯಬಹುದೇ? ಇನ್ನೊಂದು, ಗುಡುಗಿಗೆ ಅದು ನಡುಗುತ್ತದೆ. ಆಗ ಸಮಾಧಾನ ಮಾಡಿದರೆ ಭಯ ಹೆಚ್ಚುತ್ತದೆ ಎನ್ನುತ್ತಾರೆ, ನಿಜವೇ?

ಉತ್ತರ (ಪಶುವೈದ್ಯರು):

ಲಸಿಕೆಗೆ ಕಾಯಬೇಡಿ. ಪಾರ್ವೋ ಮತ್ತು ಡಿಸ್ಟೆಂಪರ್ ಮರಿಗಳನ್ನು ಕೊಲ್ಲುವ ರೋಗಗಳು, ಮೂರು ತಿಂಗಳು ದಾಟಿರುವುದರಿಂದ ರೇಬೀಸ್ ಲಸಿಕೆಯನ್ನೂ ಕೊಡಬಹುದು. ಬಾಯಿ ಹಾಕಿದ ವಿಷಯವನ್ನು ವೈದ್ಯರಿಗೆ ಮೊದಲೇ ಹೇಳಿ, ಅವರು ದಿನ ಗೊತ್ತುಮಾಡುತ್ತಾರೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಇಲಿಜ್ವರದ ಭಯವೂ ಇರುವುದರಿಂದ ಲೆಪ್ಟೊಸ್ಪೈರೋಸಿಸ್ ಸೇರಿದ ಲಸಿಕೆಯನ್ನೇ ಕೇಳಿ. ವೈದ್ಯರು ಮನೆಗೆ ಬರುವುದಾದರೆ ಉತ್ತಮ. ಇಲ್ಲದಿದ್ದರೆ ಬುಟ್ಟಿಗೆ ಬಟ್ಟೆ ಹೊದಿಸಿ ಒಯ್ಯಿರಿ, ಸರದಿ ಬರುವವರೆಗೆ ವಾಹನದಲ್ಲೇ ಕುಳಿತಿರಿ.

ಸಮಾಧಾನ ಮಾಡಿದರೆ ಭಯ ಹೆಚ್ಚುವುದಿಲ್ಲ. ಮರಿ ನಿಮ್ಮ ಬಳಿ ಬಂದರೆ ಧಾರಾಳವಾಗಿ ಹತ್ತಿರ ಇರಿಸಿಕೊಳ್ಳಿ, ಬಾರದಿದ್ದರೆ ಕರೆಯಬೇಡಿ. ಕಿಟಕಿ ಮುಚ್ಚಿ ಫ್ಯಾನು ಹಾಕಿ. ಗುಡುಗಿಲ್ಲದ ದಿನ ಊಟದ ಹೊತ್ತಿಗೆ ಮೊಬೈಲಿನಲ್ಲಿ ಗುಡುಗಿನ ಸದ್ದನ್ನು ಕೇಳಿಯೂ ಕೇಳದಷ್ಟು ಸಣ್ಣದಾಗಿ ಇಟ್ಟು, ವಾರಗಳ ಅವಧಿಯಲ್ಲಿ ಸ್ವಲ್ಪಸ್ವಲ್ಪವೇ ಏರಿಸಿ. ಯಕ್ಷಗಾನದ ಚೆಂಡೆ, ಕೋಲದ ವಾದ್ಯ, ದೀಪಾವಳಿಯ ಪಟಾಕಿಗೂ ಇದೇ ಕ್ರಮ. ಆ ದಿನ ಬರುವುದಕ್ಕೆ ತಿಂಗಳುಗಳ ಮುಂಚೆಯೇ ಆರಂಭಿಸಬೇಕು.

ಪ್ರಶ್ನೆ (ಮಲ್ಪೆಯ ಸದಸ್ಯರು):

ನಮ್ಮಲ್ಲಿಯೂ ಇಂಥದೇ ಮರಿಯಿದೆ. ಎಷ್ಟು ದಿನ ಕಾಯಬೇಕು? ನಿದ್ದೆಯ ಮಾತ್ರೆ ಕೊಡಬಹುದೇ?

ಉತ್ತರ (ಪಶುವೈದ್ಯರು):

ಒಂದು ಇಡೀ ದಿನ ಏನೂ ತಿನ್ನದಿದ್ದರೆ ಕಾಯದೆ ತೋರಿಸಿ. ಉಣ್ಣಿಜ್ವರ, ಜಂತುಹುಳು, ನೋವು ಇದ್ದಾಗಲೂ ಮರಿ ಮೂಲೆ ಸೇರುತ್ತದೆ. ತಿನ್ನುತ್ತಿದ್ದು, ಮೂರು ನಾಲ್ಕು ವಾರ ಹೀಗೆ ಮಾಡಿಯೂ ನೀವು ಕುಳಿತ ದೂರ ಒಂದು ಅಡಿಯೂ ಕಡಿಮೆಯಾಗದಿದ್ದರೆ ಭಯ ತಗ್ಗಿಸುವ ಔಷಧದ ಬಗ್ಗೆ ಯೋಚಿಸಬಹುದು, ಅದನ್ನು ಪರೀಕ್ಷಿಸಿದ ವೈದ್ಯರೇ ಬರೆಯಬೇಕು. ಅಂಗಡಿಯಿಂದ ನೀವಾಗಿ ಯಾವ ಮಾತ್ರೆಯನ್ನೂ ತರಬೇಡಿ. ಅಸೆಪ್ರೊಮಜಿನ್‌ನಂಥ ಔಷಧ ಮೈಯನ್ನು ಜಡಗೊಳಿಸುತ್ತದೆ, ಆದರೆ ಭಯವನ್ನು ಅಷ್ಟಾಗಿ ತೆಗೆಯುವುದಿಲ್ಲ. ಮರಿ ಅಲುಗಾಡಲಾಗದೆ ಎಲ್ಲವನ್ನೂ ಕೇಳುತ್ತಾ ಬಿದ್ದಿರುತ್ತದೆ. ದಿನವೂ ದೂರವನ್ನು ಒಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು, ಬರುವಾಗ ಅದನ್ನೂ ತನ್ನಿ.