ಮಗಳ ಧಾರಾವಾಹಿ ಸಂಭಾವನೆಗೆ ತೆರಿಗೆ: ಯಾರ ಲೆಕ್ಕಕ್ಕೆ?

ಪ್ರಶ್ನೆ (ಬದಿಯಡ್ಕ): ನಮ್ಮದು ಅಡಿಕೆ ತೋಟ, ಹೆಂಡತಿ ಟೀಚರ್. ಏಳನೇ ಕ್ಲಾಸಿನ ಮಗಳು ಬೆಂಗಳೂರಿನ ಒಂದು ಧಾರಾವಾಹಿಯಲ್ಲಿ ಪಾತ್ರ ಮಾಡಿದಳು. ಮಾತಾಡಿದ್ದು 80,000 ರೂಪಾಯಿ. ಅದರಲ್ಲಿ 16,000 ಅವಳ ಹೆಸರಲ್ಲಿ ಎಫ್‌ಡಿ, 8,000 ಟಿಡಿಎಸ್ (ಕೊಡುವಾಗಲೇ ಹಿಡಿದ ತೆರಿಗೆ), ಖಾತೆಗೆ ಬಂದದ್ದು 56,000. ಇದನ್ನು ನಮ್ಮ ರಿಟರ್ನಿನಲ್ಲಿ ತೋರಿಸಬೇಕಾ? ದುಡಿದದ್ದು ಕರ್ನಾಟಕದಲ್ಲಿ, ಮನೆ ಕೇರಳದಲ್ಲಿ, ಅದು ಇನ್ನೊಂದು ತಲೆಬಿಸಿ.

ಕುಂಬಳೆಯಿಂದ: ನನ್ನ ಮಗ ಜಾಹೀರಾತಿಗೆ ಧ್ವನಿ ಕೊಡುತ್ತಾನೆ, ಹಾಗಾಗಿ ಈ ದಾರಿ ನಮಗೆ ಗೊತ್ತುಂಟು. ಮಕ್ಕಳ ಆದಾಯ ಹೆತ್ತವರ ಲೆಕ್ಕಕ್ಕೆ ಅಂತ ಎಲ್ಲರೂ ಹೇಳುತ್ತಾರೆ, ಅದು ಅರ್ಧ ಸತ್ಯ. 2026ರ ಮಾರ್ಚ್ 31ರವರೆಗಿನ ಆದಾಯಕ್ಕೆ 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 64(1ಎ) ನೋಡಿ. ಮಗು ಮೈಮುರಿದು ದುಡಿದದ್ದು, ಪ್ರತಿಭೆಯಿಂದ ಗಳಿಸಿದ್ದು ಮಗುವಿನದ್ದೇ. 80,000 ಪೂರ್ತಿ ಮಗಳದ್ದು, ಹಳೆ ತೆರಿಗೆ ಪದ್ಧತಿಯ 2.5 ಲಕ್ಷದ ಮಿತಿಗೂ ಎಷ್ಟೋ ಕೆಳಗೆ. ತೆರಿಗೆ ಇಲ್ಲ.

ಆದರೆ ಆ 8,000 ಸುಮ್ನೆ ವಾಪಸ್ ಬರುವುದಿಲ್ಲ, ಅವಳ ಪಾನ್‌ನಲ್ಲಿ ರಿಟರ್ನ್ ಹಾಕಬೇಕು. ಅಕ್ಷಯ ಕೇಂದ್ರದಲ್ಲಿ (ಕೇರಳ ಸರ್ಕಾರದ ಸೇವಾ ಕೇಂದ್ರ) ಪಾನ್ ಮಾಡಿಸಿ ಕಾರ್ಡ್ ಬಂದಾಗ ಫೋಟೋ, ಸಹಿ ಇಲ್ಲ ಅಂತ ಗಾಬರಿಯಾಗಬೇಡಿ, ಮಕ್ಕಳ ಕಾರ್ಡ್ ಇರುವುದೇ ಹಾಗೆ. ಇನ್‌ಕಮ್ ಟ್ಯಾಕ್ಸ್ ಪೋರ್ಟಲ್‌ನಲ್ಲಿ ನಿಮ್ಮ ಲಾಗಿನ್‌ನಿಂದ ಅವಳ ಪ್ರತಿನಿಧಿಯಾಗಿ ನೋಂದಾಯಿಸಿ, ಇಲಾಖೆ ಒಪ್ಪಿದ ಮೇಲೆ ಫೈಲ್ ಮಾಡಿ. ಕಲಾವಿದೆಗೆ ಕೊಟ್ಟ ಫೀಸು ಅಂತ ಕಡಿತ ಆಗಿದ್ದರೆ ಐಟಿಆರ್-1 (ಸಂಬಳದವರು ಹಾಕುವ ಸರಳ ರಿಟರ್ನ್ ಫಾರಂ) ನಡೆಯುವುದಿಲ್ಲ. ರೀಫಂಡ್‌ಗೆ ಅವಳ ಹೆಸರಿನ ಬ್ಯಾಂಕ್ ಖಾತೆಯೇ ಬೇಕು.

ಮುಳ್ಳೇರಿಯದಿಂದ: ಮೇಲಿನವರು ಎಫ್‌ಡಿ ಬಿಟ್ಟರು, ನಿಜವಾದ ಗೊಂದಲ ಇರುವುದು ಅಲ್ಲೇ. 14ರ ಒಳಗಿನ ಮಕ್ಕಳು ನಟಿಸಿದರೆ ಗಳಿಕೆಯ ಕನಿಷ್ಠ 20% ಅವರ ಹೆಸರಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಎಫ್‌ಡಿ ಇಡಬೇಕು ಅಂತ ಬಾಲಕಾರ್ಮಿಕ ನಿಯಮ ಉಂಟು. ನಿಮ್ಮ 16,000 ಅದೇ. ಅಸಲು ಮಗಳದ್ದು, ಆದರೆ ಅದರ ಬಡ್ಡಿ ಅವಳು ದುಡಿದದ್ದಲ್ಲ ಅಲ್ವಾ? ಹಾಗಾಗಿ ಬಡ್ಡಿ ಮಾತ್ರ ನಿಮ್ಮಿಬ್ಬರಲ್ಲಿ ಜಾಸ್ತಿ ಆದಾಯದವರಿಗೆ ಸೇರುತ್ತದೆ. ಅಡಿಕೆ ದುಡ್ಡು ಎಷ್ಟೇ ಬರಲಿ, ಕೃಷಿ ಆದಾಯ ಆ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ಮನೆಯಲ್ಲಿ ಆ ಬಡ್ಡಿ ಟೀಚರಮ್ಮನ ರಿಟರ್ನಿಗೇ ಹೋಗುತ್ತದೆ. ಹಳೆ ಪದ್ಧತಿಯಲ್ಲಿ ಅವರಿಗೆ ಮಗುವಿಗೆ ತಲಾ 1,500 ರೂಪಾಯಿ ವಿನಾಯಿತಿ ಉಂಟು, ಹೊಸದರಲ್ಲಿ ಅದೂ ಇಲ್ಲ.

ಉಪ್ಪಳದಿಂದ: ರಾಜ್ಯದ ಚಿಂತೆ ಬಿಡಿ ಮಾರಾಯ್ರೆ, ಇನ್‌ಕಮ್ ಟ್ಯಾಕ್ಸ್ ಕೇಂದ್ರದ್ದು. ಗಡಿಯ ತಲಪಾಡಿ ಗೇಟ್ ಅದಕ್ಕೆ ಲೆಕ್ಕಕ್ಕಿಲ್ಲ. ಫೈಲ್ ಮಾಡುವ ಮೊದಲು 26ಎಎಸ್‌ನಲ್ಲಿ (ಪಾನ್‌ಗೆ ಬಿದ್ದ ಟಿಡಿಎಸ್ ತೋರಿಸುವ ಪಟ್ಟಿ) 8,000 ಮಗಳ ಪಾನ್‌ಗೇ ಬಿದ್ದಿದೆಯಾ ನೋಡಿ. ಕಂಪನಿಯವರು ಅಪ್ಪನ ಪಾನ್ ಹಾಕಿಬಿಡುವುದುಂಟು, ಹಾಗಿದ್ದರೆ ಅವರಿಂದಲೇ ತಿದ್ದಿಸಬೇಕು.