ಬಾಣಂತನದಲ್ಲಿ ಕೊಲೆಸ್ಟ್ರಾಲ್ 241, ನಡೆದರೆ ಇಳಿಯುತ್ತಾ?

ಪಾಪು ಅಮ್ಮ, ತೀರ್ಥಹಳ್ಳಿ ಕಡೆ

ಅಮ್ಮನ ಮನೆಯಲ್ಲಿದ್ದೀನಿ. ಮಗಳಿಗೆ ಮೊನ್ನೆ ಮೂರು ತಿಂಗಳು ತುಂಬಿತು, ನಾರ್ಮಲ್ ಹೆರಿಗೆ. ಅಪ್ಪನಿಗೆ ಐವತ್ತಕ್ಕೇ ಸ್ಟೆಂಟ್ ಹಾಕಿದ್ದರಿಂದ ಆರನೇ ವಾರದ ಚೆಕಪ್‌ನಲ್ಲಿ ನಾನೇ ಕೇಳಿ ರಕ್ತ ಪರೀಕ್ಷೆ ಮಾಡಿಸಿದೆ. ಒಟ್ಟು ಕೊಲೆಸ್ಟ್ರಾಲ್ 241, ಅದರಲ್ಲಿ ಕೆಟ್ಟದ್ದು ಅನ್ನೋ ಎಲ್‌ಡಿಎಲ್ 158, ಒಳ್ಳೇದು ಅನ್ನೋ ಎಚ್‌ಡಿಎಲ್ 41, ರಕ್ತದಲ್ಲಿರೋ ಇನ್ನೊಂದು ಬಗೆಯ ಕೊಬ್ಬು ಟ್ರೈಗ್ಲಿಸರೈಡ್ 210. ರಾತ್ರಿ ಹಾಲು ಕುಡಿಸ್ತಾ ಕೂತಾಗೆಲ್ಲ ಅದೇ ಯೋಚನೆ.

ಮೊದಲಿಂದಲೂ ನಡೆದವಳಲ್ಲ. ಶಿವಮೊಗ್ಗದಲ್ಲಿ ಕೂತು ಮಾಡೋ ಕೆಲಸ, ಸ್ಕೂಟಿಯಲ್ಲಿ ಓಡಾಟ. ಈಗ ದಿನಕ್ಕೆರಡು ಸಲ ಲೇಹ್ಯ, ಅನ್ನಕ್ಕೆ ಮೂರು ಚಮಚ ತುಪ್ಪ. "ಐದು ತಿಂಗಳು ಹೊಸಿಲು ದಾಟಬೇಡ, ಥಂಡಿ ಹಿಡಿದರೆ ಜನ್ಮಕ್ಕೂ ಸೊಂಟನೋವು" ಅಂತಾಳೆ ಅಮ್ಮ. ಅಷ್ಟು ಚೆನ್ನಾಗಿ ನೋಡ್ಕೊಳ್ತಿರೋ ಅವಳ ಮಾತು ಮೀರೋಕೆ ಮನಸ್ಸಿಲ್ಲ. ಹೊರಗೂ ಬಿಡದ ಮಳೆ, ತೋಟದ ದಾರಿ ತುಂಬ ಉಂಬಳ. ಎಷ್ಟು ನಡೀಬೇಕು? ಹಾಲು ಕಡಿಮೆ ಆಗಲ್ವಾ?

ನರ್ಸ್ ಅಕ್ಕ, ಸಾಗರ

ಹೆದರ್ಬೇಡಿ. ಬಸುರಿನಲ್ಲಿ ಕೊಲೆಸ್ಟ್ರಾಲ್, ಟ್ರೈಗ್ಲಿಸರೈಡ್ ಎರಡೂ ಏರೋದು ಸಹಜ. ಮಗು ಬೆಳೆಯೋಕೆ, ಹಾರ್ಮೋನ್ ತಯಾರಾಗೋಕೆ ಅದು ಬೇಕು. ಹೆರಿಗೆ ಆದ ಕೂಡಲೇ ಇಳಿದುಬಿಡಲ್ಲ, ತಿಂಗಳುಗಳೇ ಹಿಡಿಯುತ್ತೆ. ಆರನೇ ವಾರದ ಲೆಕ್ಕ ನಿಮ್ಮ ನಿಜವಾದ ಲೆಕ್ಕ ಅಲ್ಲದೇ ಇರಬಹುದು. ಖಾಲಿ ಹೊಟ್ಟೆಯಲ್ಲಿ ಇನ್ನೊಮ್ಮೆ ಮಾಡಿಸಿ, ಅಪ್ಪನ ವಿಷಯ ಡಾಕ್ಟರಿಗೆ ತಪ್ಪದೆ ಹೇಳಿ. ಹಾಲೂಡಿಸುವಾಗ ಕೊಲೆಸ್ಟ್ರಾಲ್ ಇಳಿಸೋ ಸ್ಟ್ಯಾಟಿನ್ ಮಾತ್ರೆ ಸಾಮಾನ್ಯವಾಗಿ ಕೊಡಲ್ಲ, ನೀವಾಗಿ ಏನೂ ತಗೋಬೇಡಿ.

ಎರಡು ಮಕ್ಕಳ ತಾಯಿ, ಶಿವಮೊಗ್ಗ

ಎರಡನೇ ಬಾಣಂತನದಲ್ಲಿ ನನ್ನ ಟ್ರೈಗ್ಲಿಸರೈಡ್ 230 ಇತ್ತು. ಡಾಕ್ಟರ್ ಒಪ್ಪಿದ ಮೇಲೆ ಪಕ್ಕದ ಮನೆಯ ಅಕ್ಕನ ಜೊತೆ ಗಾಂಧಿ ಪಾರ್ಕಿನಲ್ಲಿ ನಡೆಯೋಕೆ ಶುರು ಮಾಡಿದೆ. ಮೊದಲ ವಾರ ಹತ್ತು ನಿಮಿಷಕ್ಕೇ ಕಾಲು ಸೋತುಹೋಗ್ತಿತ್ತು. ಆರು ತಿಂಗಳಿಗೆ 148ಕ್ಕೆ ಬಂತು, ಎಚ್‌ಡಿಎಲ್ 39ರಿಂದ 45 ಆಯ್ತು. ಎಲ್‌ಡಿಎಲ್ ಮಾತ್ರ ಅಲ್ಲಾಡಲಿಲ್ಲ. ತುಪ್ಪ ಒಂದು ಚಮಚಕ್ಕೆ ಇಳಿಸಿ, ಪಲ್ಯಕ್ಕೆ ಕಾಯಿತುರಿ ಕಡಿಮೆ ಮಾಡಿದ ಮೇಲೆ ಅದೂ ಇಳೀತು. ನಡಿಗೆಯಿಂದ ಮುಖ್ಯವಾಗಿ ಟ್ರೈಗ್ಲಿಸರೈಡ್ ಇಳಿಯುತ್ತೆ, ಎಚ್‌ಡಿಎಲ್ ಒಂಚೂರು ಏರುತ್ತೆ, ಎಲ್‌ಡಿಎಲ್‌ಗೆ ಊಟವನ್ನೇ ನೋಡಬೇಕು.

ವಿಶ್ವ ಆರೋಗ್ಯ ಸಂಸ್ಥೆ ಬಾಣಂತಿಯರಿಗೂ ವಾರಕ್ಕೆ 150 ನಿಮಿಷ ಅನ್ನುತ್ತೆ. ಮಾತಾಡೋಕೆ ಆಗಬೇಕು, ಹಾಡೋಕೆ ಉಸಿರು ಸಾಲಬಾರದು, ಅಷ್ಟು ಬಿರುಸು ಸಾಕು. ಇಷ್ಟಕ್ಕೆ ಹಾಲು ಕಡಿಮೆ ಆಗಲ್ಲ. ಕುಡಿಸಿ ಹೊರಡಿ, ಎದೆ ಹಗುರ ಇರುತ್ತೆ. ರಕ್ತಸ್ರಾವ ಜಾಸ್ತಿಯಾದರೆ, ಎದೆನೋವು ಬಂದರೆ, ಒಂದೇ ಕಾಲಿನ ಮೀನಖಂಡ ಊದಿಕೊಂಡರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ಅಮ್ಮನಿಗೆ ಇದನ್ನೂ ಹೇಳಿ. ಅಮೆರಿಕದ ಅರಿಜೋನಾದಲ್ಲಿ, ಹೆಚ್ಚು ಓಡಾಟವಿಲ್ಲದ ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷೆಯ ಮೂಲದ) ಬಾಣಂತಿಯರಿಗಾಗಿ "ಮಾದ್ರೆಸ್ ಪಾರಾ ಲಾ ಸಲೂದ್" (ಆರೋಗ್ಯಕ್ಕಾಗಿ ತಾಯಂದಿರು) ಅಂತ 48 ವಾರದ ನಡಿಗೆ ಕಾರ್ಯಕ್ರಮ ನಡೆಸಿದ್ದರು. ಅವರಲ್ಲೂ ನಮ್ಮ ಬಾಣಂತನದ ಹಾಗೆ ನಲವತ್ತು ದಿನದ ವಿಶ್ರಾಂತಿ ಇದೆ, "ಕ್ವಾರೆಂತೆನಾ" ಅಂತಾರೆ. ನಡೆಸಿದವರು "ಪ್ರೊಮೊತೋರಾ"ಗಳು, ಅವರದೇ ಸಮುದಾಯದ ಹೆಂಗಸರು. ನನಗೆ ಹಿಡಿಸಿದ್ದು ಇದೇ. ಪಕ್ಕದ ಮನೆಯ ಆ ಅಕ್ಕ ದಿನಾ ಬೆಳಿಗ್ಗೆ ಬಾಗಿಲು ತಟ್ಟದೇ ಇದ್ದಿದ್ದರೆ ನಾನು ಎರಡನೇ ವಾರಕ್ಕೇ ಬಿಟ್ಟಿರ್ತಿದ್ದೆ. ನಿಮಗೆ ಅಮ್ಮನೇ ಜೊತೆಯಾಗಲಿ. ಮಳೆ ಬಿಡೋವರೆಗೆ ಜಗಲಿಯಲ್ಲೇ ಹತ್ತತ್ತು ನಿಮಿಷ, ದಿನಕ್ಕೆ ಮೂರು ಸಲ ನಡೀರಿ.

ಪಾಪು ಅಮ್ಮ

ಇದನ್ನೆಲ್ಲ ಅಮ್ಮನಿಗೆ ಓದಿ ಹೇಳಿದೆ. ಬೇರೆ ದೇಶದಲ್ಲೂ ಬಾಣಂತನ ಇದೆ ಅಂತ ಕೇಳಿ ತುಂಬಾ ಹೊತ್ತು ಆ ಹೆಂಗಸರ ಬಗ್ಗೆಯೇ ವಿಚಾರಿಸಿದಳು, ಏನು ಉಣ್ತಾರೆ, ಯಾರು ಎರೆಯೋದು ಅಂತ. ಕೊನೆಗೆ, ತಲೆಗೆ ವಸ್ತ್ರ ಕಟ್ಟಿಕೊಂಡು ಕಾಲಿಗೆ ಸಾಕ್ಸ್ ಹಾಕಿದರೆ ಜಗಲಿಯಲ್ಲಿ ನಡೀಬಹುದು ಅಂದಳು. ಜಗಲಿ ಈ ತುದಿಯಿಂದ ಆ ತುದಿಗೆ 22 ಹೆಜ್ಜೆ. ಸಂಜೆ ಹತ್ತು ನಿಮಿಷ ಆಯ್ತು, ಪಾಪುನ ಎತ್ತಿಕೊಂಡು ಅವಳೂ ಹಿಂದೆಯೇ ಬಂದಳು. ಮರುಪರೀಕ್ಷೆಗೆ ಸೋಮವಾರ ಹೋಗ್ತೀನಿ.