ಎಡಗೈಯಲ್ಲಿ ನಾಡಿಯೇ ಇಲ್ಲ: ತಕಯಾಸು ಕಾಯಿಲೆಗೆ ಕ್ಷಯ ಕಾರಣವೇ?

ಸೀಗೆಬೇಲಿ:
ನನ್ನ ತಂಗಿಗೆ 24 ವರ್ಷ. ಬಟ್ಟೆ ಒಣಹಾಕಲು ಕೈ ಎತ್ತಿದರೆ ಎಡಗೈ ಸೋತು ಇಳಿದುಬಿಡುತ್ತಿತ್ತು. ರಕ್ತದೊತ್ತಡದ ಯಂತ್ರ ಬಲಗೈಯಲ್ಲಿ 150 ತೋರಿಸಿತು, ಎಡಗೈಯಲ್ಲಿ ಮೂರು ಸಲವೂ ಬರೀ ‘ಎರರ್’. ಯಂತ್ರ ಕೆಟ್ಟಿದೆ ಎಂದುಕೊಂಡೆವು. ನರ್ಸ್ ಮಣಿಕಟ್ಟು ಹಿಡಿದು ತಡಕಾಡಿದರೂ ನಾಡಿ ಸಿಗಲಿಲ್ಲ. ಸ್ಕ್ಯಾನ್ ಆದ ಮೇಲೆ ತಕಯಾಸು ಎಂದರು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿ ಮತ್ತು ಅದರ ಕವಲುಗಳ ಉರಿಯೂತವಂತೆ. ಕ್ಷಯಕ್ಕೆಂದು ಚರ್ಮಕ್ಕೆ ಚುಚ್ಚಿ ನೋಡುವ ಮ್ಯಾಂಟೂ ಪರೀಕ್ಷೆಯಲ್ಲಿ ಮುಂಗೈ 16 ಮಿಲಿಮೀಟರ್ ಗಟ್ಟಿಯಾಗಿ ಉಬ್ಬಿದೆ. ನಮ್ಮಜ್ಜಿ ಕ್ಷಯದಿಂದ ತೀರಿಕೊಂಡವರು, ಇವಳು ಅವರ ಮಗ್ಗುಲಲ್ಲೇ ಮಲಗಿ ಬೆಳೆದವಳು. ಆ ರೋಗಾಣುವೇ ರಕ್ತನಾಳ ಸೇರಿತೇ? ಕ್ಷಯದ ಮಾತ್ರೆಯಲ್ಲೇ ವಾಸಿಯಾಗುವುದಿಲ್ಲವೇ? ಸ್ಟೀರಾಯ್ಡ್ ಎಂದರೆ ಅಮ್ಮ ಬೆಚ್ಚಿಬೀಳುತ್ತಾರೆ.

ಒಂದುಕೈ ಅಕ್ಕ:
ನನಗಿದು ಒಂಬತ್ತನೆಯ ವರ್ಷ. ನನ್ನ ಮ್ಯಾಂಟೂ ಚಪ್ಪಟೆಯಾಗಿತ್ತು, ಮನೆಯಲ್ಲಿ ಯಾರಿಗೂ ಕ್ಷಯವಿರಲಿಲ್ಲ, ಆದರೂ ನಾಡಿ ಹೋಯಿತು. ಅಮ್ಮನಿಗೆ ಹೇಳಿ: ಸ್ಟೀರಾಯ್ಡ್‌ನಿಂದ ನನ್ನ ಮುಖ ಇಡ್ಲಿಯಂತೆ ಊದಿತ್ತು ನಿಜ, ಪ್ರಮಾಣ ಇಳಿಸಿದಂತೆ ಇಳಿಯಿತು.

ಹಳೆ ಸ್ಟೆತಸ್ಕೋಪು:
ನಿಮ್ಮ ಅನುಮಾನ ಹುಚ್ಚಲ್ಲ. ಬ್ಯಾಕ್ಟೀರಿಯಾ ಮಹಾಪಧಮನಿಯನ್ನು ಕೆಡಿಸಬಲ್ಲದು. ಸಿಫಿಲಿಸ್ ಅದನ್ನೇ ಮಾಡುತ್ತಿತ್ತು. ತಕಯಾಸುವಿನ ಕಥೆ ಬೇರೆ. 1908ರಲ್ಲಿ ಜಪಾನಿನ ಕಣ್ಣಿನ ವೈದ್ಯ ಮಿಕಿಟೊ ತಕಯಾಸು ಯುವತಿಯೊಬ್ಬಳ ಕಣ್ಣಿನ ರಕ್ತನಾಳಗಳ ವಿಚಿತ್ರ ಹೆಣಿಗೆಯನ್ನು ವರದಿ ಮಾಡಿದರು. ಇಂಥವರ ಕೈಯಲ್ಲಿ ನಾಡಿ ಸಿಗುವುದಿಲ್ಲವೆಂದು ಅದೇ ಸಭೆಯಲ್ಲಿ ಬೇರೆಯವರು ಹೇಳಿದರು. ಕ್ಷಯದ ಗುಮಾನಿ ದಶಕಗಳದ್ದು. ಮೆಕ್ಸಿಕೊದಲ್ಲಿ ರೋಗಿಗಳ ಮಹಾಪಧಮನಿಯಲ್ಲಿ ಕ್ಷಯಾಣುವಿನ ಡಿ.ಎನ್.ಎ. ಸಿಕ್ಕಿತು, ಫ್ರಾನ್ಸಿನಲ್ಲಿ ಹುಡುಕಿದವರಿಗೆ ಸಿಗಲಿಲ್ಲ. ಮ್ಯಾಂಟೂ ಉಬ್ಬುವುದು ನಮ್ಮ ದೇಶದಲ್ಲಿ ದೊಡ್ಡ ಸುದ್ದಿಯಲ್ಲ. ರೋಗಾಣು ಎಂದೋ ಒಳಹೊಕ್ಕಿತ್ತು ಎಂದಷ್ಟೇ ಅದರ ಅರ್ಥ. ಕ್ಷಯದ ಮಾತ್ರೆಯೊಂದರಿಂದಲೇ ಈ ಉರಿಯೂತ ತಗ್ಗುವುದಿಲ್ಲ.

ಹಾಗೆಂದು ಆ ಉಬ್ಬನ್ನು ಮರೆಯಬೇಡಿ. ಒಳಗೆ ಮಲಗಿರುವ ಕ್ಷಯವನ್ನು ಸ್ಟೀರಾಯ್ಡ್ ಎಬ್ಬಿಸಬಹುದು. ಎದೆಯ ಚಿತ್ರ ನೋಡಿಯೇ ಮುಂದುವರಿಯಬೇಕು. ಇನ್ನೊಂದು: ಕ್ಷಯದ ಮಾತ್ರೆ ರಿಫಾಂಪಿಸಿನ್ ಕೊಟ್ಟರೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್‌ನ ಬಲ ಕುಂದುತ್ತದೆ. ಕ್ಷಯದ ವೈದ್ಯರು, ಈ ಉರಿಯೂತ ನೋಡುವ ರುಮಟಾಲಜಿಸ್ಟ್ ಇಬ್ಬರಿಗೂ ಎರಡೂ ಔಷಧಿ ಚೀಟಿ ತೋರಿಸಿ.

ಸೀಗೆಬೇಲಿ:
ಎರಡು ಚೀಟಿಯನ್ನೂ ಒಂದೇ ಫೈಲಿಗೆ ಹಾಕಿದೆ. ಎದೆಯ ಚಿತ್ರ ನಾಳೆ.

ಒಂದುಕೈ ಅಕ್ಕ:
ಫೈಲಿನ ಮೇಲೆ ದಪ್ಪಕ್ಷರದಲ್ಲಿ ‘ಬಿ.ಪಿ. ಬಲಗೈಯಲ್ಲೇ ನೋಡಿ’ ಎಂದು ಬರೆಯಿರಿ. ನನ್ನ ಎಡಗೈಯಲ್ಲಿ 90 ನೋಡಿ, ‘ಒತ್ತಡ ಕಡಿಮೆ, ಉಪ್ಪು ಜಾಸ್ತಿ ತಿನ್ನಿ’ ಎಂದು ಕಳುಹಿಸಿದ್ದರು ಒಬ್ಬರು.